ವೆಕ್ನಾನಿಗೆ ಕನ್ನಡ ಬರಬಾರದೇ?

2026ರ ಹೊಸ ವರ್ಷದ ದಿನ ಜಯನಗರ, ಬನಶಂಕರಿಯ ಹುಡುಗ ಹುಡುಗಿಯರ ಬಾಯಲ್ಲಿ ಒಂದೇ ಮಾತು: ‘ಸ್ಟ್ರೇಂಜರ್ ಥಿಂಗ್ಸ್’ ಕೊನೆಯ ಕಂತು. ವೆಕ್ನಾ ಸತ್ತನೇ? ಇಲೆವೆನ್ ಏನಾದಳು? ಕಾಫಿ ಆರಿತು, ವಾದ ಆರಲಿಲ್ಲ. ವಾದಿಸಲಿ! ಕಾಣೆಯಾದ ಗೆಳೆಯನನ್ನು ಹುಡುಕಲು ಸೈಕಲ್ ಏರಿ ಹೊರಟ ಮಕ್ಕಳ ಕತೆ ಯಾರಿಗೆ ಬೇಡ? ಆದರೆ ವಾದ ನಡೆದದ್ದು ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ. ಕನ್ನಡ ಅಮ್ಮನ ಹತ್ತಿರ ಊಟ ಕೇಳುವುದಕ್ಕೆ ಮಾತ್ರ!

ಈ ಮಕ್ಕಳನ್ನು ಬೈಯಬೇಡಿ. ಧಾರಾವಾಹಿ ಹಿಂದಿ, ತಮಿಳು, ತೆಲುಗಿನಲ್ಲಿ ಬಂತು. ಕನ್ನಡದ ಬಾಗಿಲಿಗೆ ಮೊದಲು ಅಗಳಿ ಹಾಕಿದವರು ನಮ್ಮವರೇ! 1960ರ ದಶಕದಲ್ಲಿ ಡಬ್ಬಿಂಗ್ ಬೇಡವೆಂದದ್ದಕ್ಕೆ ಅರ್ಥವಿತ್ತು. ನಮ್ಮ ಚಿತ್ರರಂಗ ಆಗ ಮದರಾಸಿನ ಸ್ಟುಡಿಯೋಗಳನ್ನು ನಂಬಿ ಬದುಕಿದ್ದ ಕೂಸು. ಆದರೆ 2012ರಲ್ಲಿ? ಆಮೀರ್ ಖಾನರ ‘ಸತ್ಯಮೇವ ಜಯತೆ’ ತಮಿಳು, ತೆಲುಗು, ಮಲಯಾಳಕ್ಕೆ ಹೋಯಿತು; ಕನ್ನಡಕ್ಕೆ ಬಿಡಲಿಲ್ಲ. ಕನ್ನಡಿಗ ಹಿಂದಿಯಲ್ಲೇ ನೋಡಿದ. ಇದು ಕನ್ನಡದ ರಕ್ಷಣೆಯೋ, ಹಿಂದಿಯ ಪುಕ್ಕಟೆ ಪ್ರಚಾರವೋ?

ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಈ ತಡೆ ತಪ್ಪೆಂದು ದಂಡ ಹಾಕಿತು. 2020ರ ಲಾಕ್‌ಡೌನಿನಲ್ಲಿ ‘ಮಹಾಭಾರತ’ದ ಕೃಷ್ಣ ಕನ್ನಡ ಮಾತಾಡಿದ. ಆಕಾಶವೇನೂ ಬೀಳಲಿಲ್ಲ!

ಕಲಾವಿದರ ಅನ್ನದ ಪ್ರಶ್ನೆ ಎನ್ನುತ್ತಾರೆ. ಆ ಭಯ ಸುಳ್ಳಲ್ಲ. ಆದರೆ ದನಿ ಕೊಡುವವನಿಗೂ ಹೊಟ್ಟೆಯಿದೆ, ಸಂಭಾಷಣೆ ಬರೆಯುವವನಿಗೂ ಇದೆ. ಇನ್ನೊಂದು ಮಾತು, ಸ್ವಾಮಿ: ಹದಿನಾರರ ಹುಡುಗಿಗೆ ನೀವು ಕೊಟ್ಟಿರುವುದೇನು? ಅತ್ತೆ ಸೊಸೆ ಜಗಳ!

ಗೆಳೆಯರೇ, ತಿಂಗಳು ತಿಂಗಳು ಹಣ ಕಟ್ಟುವವರು ನೀವು. ಆ ಕಂಪನಿಗೆ ಕನ್ನಡದಲ್ಲೇ ಬರೆಯಿರಿ. ಒಬ್ಬರಲ್ಲ, ಬೀದಿಗೆ ಹತ್ತು ಜನ ಬರೆಯಿರಿ: ಕಾಸು ನಮ್ಮದು, ಕನ್ನಡ ಕೊಡಿ!