ಕೂಲಿಯ ಲೆಕ್ಕಕ್ಕೆ ಸಿಗದ ದೂರ

ಕಾರವಾರದಿಂದ ಅಂಕೋಲೆಗೆ ಹೆದ್ದಾರಿಯಲ್ಲಿ ಸುಮಾರು 35 ಕಿ.ಮೀ. ಸ್ವಂತ ವಾಹನ ಉಳ್ಳವರಿಗೆ ಅದೊಂದು ಸುಂದರ ಪಯಣ. ದಿನಗೂಲಿಯವರ ಪಾಲಿಗೆ ಮಾತ್ರ, ಕೆಲಸ ದಕ್ಕುವುದೋ ಇಲ್ಲವೋ ಎಂಬುದನ್ನು ಆ ದೂರವೇ ತೀರ್ಮಾನಿಸುತ್ತದೆ.

1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ನೌಕಾನೆಲೆಗಾಗಿ ಈ ಎರಡು ತಾಲ್ಲೂಕುಗಳ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ನೆಲೆ ಕಳೆದುಕೊಂಡವು. ಅವರಲ್ಲಿ ಅನೇಕರಿಗೆ ಗದ್ದೆಯೂ ಕಡಲೂ ಮನೆಯಿಂದ ನಡೆದು ಹೋಗುವಷ್ಟೇ ದೂರದಲ್ಲಿದ್ದವು. ಕಳೆದುಕೊಂಡ ಭೂಮಿಗೆ ಪರಿಹಾರ ನಿಗದಿಪಡಿಸಬಹುದು. ಹೊಸ ಮನೆಗೂ ಹೊಸ ದುಡಿಮೆಗೂ ನಡುವಿನ ಅಂತರಕ್ಕೆ ಒಮ್ಮೆಗೇ ಬೆಲೆ ಕಟ್ಟಲಾಗದು. ಅದು ನಿತ್ಯವೂ ತೆರಬೇಕಾದ ಸುಂಕ.

1998ರಲ್ಲಿ ಪೂರ್ಣಗೊಂಡ ಕೊಂಕಣ ರೈಲುಮಾರ್ಗ ಈ ಹೊರೆಯನ್ನು ಇಳಿಸಬಹುದಿತ್ತು. ಆದರೆ ಕಾರವಾರದ ನಿಲ್ದಾಣ ಇರುವುದು ಪೇಟೆಯಿಂದ ಹೊರಗೆ, ಶಿರವಾಡದಲ್ಲಿ. ರೈಲಿನ ಟಿಕೆಟ್ಟು ಅಗ್ಗವಾದರೂ ಅಲ್ಲಿಂದ ಮುಂದಕ್ಕೆ ರಿಕ್ಷಾ ಹಿಡಿದರೆ ಉಳಿತಾಯವೆಲ್ಲ ಅದಕ್ಕೇ ಸಂದಾಯ.

2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆ ಬಡ ಮಹಿಳೆಯರಿಗೆ ನಿಜವಾಗಿಯೂ ಆಸರೆಯಾಗಿದೆ. ಅದನ್ನು ಹಗುರವಾಗಿ ಕಾಣಬೇಕಿಲ್ಲ. ಆದರೆ ಟಿಕೆಟ್ಟಿನ ಹಣ ಉಳಿಯುವುದು ಬೇರೆ, ಹೊತ್ತಿಗೆ ಸರಿಯಾಗಿ ಬಸ್ಸು ಸಿಗುವುದು ಬೇರೆ. ಮೀನು ಮಾರುವವಳು ಬುಟ್ಟಿಯೊಂದಿಗೆ ಪೇಟೆ ತಲುಪುವಷ್ಟರಲ್ಲಿ ವ್ಯಾಪಾರ ಮುಗಿದಿದ್ದರೆ ಉಚಿತ ಪ್ರಯಾಣವೂ ನಷ್ಟದ ಬಾಬತ್ತೇ. ನೌಕಾನೆಲೆಯಲ್ಲೋ ಕೈಗಾದಲ್ಲೋ ಗುತ್ತಿಗೆದಾರನ ಕೈಕೆಳಗೆ ರಾತ್ರಿ ಪಾಳಿ ಮಾಡುವವನಿಗೆ ಈ ಉಚಿತವೂ ಇಲ್ಲ.

ಪ್ರಯಾಣಿಕರು ಕಡಿಮೆ ಇರುವ ಹೊತ್ತಿನಲ್ಲಿ ಬಸ್ಸು ಓಡಿಸಿದರೆ ನಷ್ಟವಲ್ಲವೇ ಎಂದು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಆ ನಷ್ಟವನ್ನು ಸಂಸ್ಥೆಯೊಂದೇ ಹೊರಬೇಕೆಂದು ಯಾರೂ ಹೇಳುತ್ತಿಲ್ಲ. ಕಾರ್ಮಿಕರನ್ನು ಕರೆತಂದು ಮನೆ ಮುಟ್ಟಿಸುವ ಹೊಣೆಯನ್ನು ಟೆಂಡರಿನ ಷರತ್ತಾಗಿಸಿದರೆ ದೊಡ್ಡ ಕಾಮಗಾರಿಗಳೂ ಪಾಲು ಹೊರುತ್ತವೆ. ಜಿಲ್ಲಾಡಳಿತ ಮನಸ್ಸು ಮಾಡಿದರೆ, ಪಾಳಿ ಬದಲಾಗುವ ಹೊತ್ತು ಮತ್ತು ಮೀನುಪೇಟೆಯ ಹೊತ್ತನ್ನು ಕೇಳಿ ತಿಳಿದು ವೇಳಾಪಟ್ಟಿ ಹೊಂದಿಸುವುದು, ರೈಲು ಬರುವ ಹೊತ್ತಿಗೆ ನಿಲ್ದಾಣಕ್ಕೊಂದು ಸಣ್ಣ ಬಸ್ಸು ಕಳುಹಿಸುವುದು, ಮೀನಿನ ಬುಟ್ಟಿಗೆ ಜಾಗ ಬಿಡುವುದು ಇವ್ಯಾವುವೂ ಕೋಟಿಗಟ್ಟಲೆ ಬೇಡುವ ಯೋಜನೆಗಳಲ್ಲ.

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು. ಹೆದ್ದಾರಿ ದಿನಗಟ್ಟಲೆ ಮುಚ್ಚಿತು. ರಸ್ತೆ ನಿಂತರೆ ಬದುಕು ನಿಲ್ಲುತ್ತದೆಂಬುದು ಆಗ ಎಲ್ಲರಿಗೂ ಮನವರಿಕೆಯಾಯಿತು. ಕೊನೆಯ ಬಸ್ಸು ತಪ್ಪಿಸಿಕೊಂಡ ಕೂಲಿಯವನಿಗೆ ಹೆದ್ದಾರಿ ತೆರೆದಿದ್ದರೂ ಮುಚ್ಚಿದಂತೆಯೇ. ದೇಶದ ರಕ್ಷಣೆಗೆ ನೆಲ ಬಿಟ್ಟುಕೊಟ್ಟ ಸೀಮೆಯ ಜನ ಇಂದು ಕೇಳುತ್ತಿರುವುದು ಹೊತ್ತಿಗೆ ಸರಿಯಾಗಿ ಬರುವ ಒಂದು ಬಸ್ಸನ್ನು. ಅಷ್ಟನ್ನೂ ಕೊಡಲಾಗದೆ?