ಹೆಪ್ಪು ಕರಗಿಸುವ ಮದ್ದು ಎಲ್ಲರಿಗೂ ಬೇಕೆ?

ಮಕ್ಕಳೇ, ಹಿಂದೂಪುರದಲ್ಲೋ ಕಲ್ಯಾಣದುರ್ಗದಲ್ಲೋ ಒಬ್ಬ ಅಜ್ಜನಿಗೆ ಬಿ.ಪಿ. ಏರಿ ಮೆದುಳಲ್ಲಿ ರಕ್ತಸ್ರಾವವಾಯ್ತು ಅಂದುಕೊಳ್ಳಿ. ತಲೆಬುರುಡೆಗೆ ಸಣ್ಣ ತೂತು ಕೊರೆದು ನಳಿಕೆಯಿಂದ ರಕ್ತ ತೆಗೆದರೂ ಒಂದಿಷ್ಟು ಹೆಪ್ಪು ಉಳಿಯುತ್ತೆ. ಅದನ್ನು ಕರಗಿಸಲು ಅದೇ ನಳಿಕೆಯಲ್ಲಿ ಆಲ್ಟಿಪ್ಲೇಸ್ ಮದ್ದು ಬಿಡಬಹುದು.

ಎಲ್ಲರಿಗೂ ಕೊಟ್ಟುಬಿಡಲಿ ಅಂತೀರಾ? ತಾಳಿ. 2019ರಲ್ಲಿ ಪ್ರಕಟವಾದ ಮಿಸ್ಟಿ-3 ಅಧ್ಯಯನದಲ್ಲಿ ಸುಮಾರು 500 ರೋಗಿಗಳಿದ್ದರು. ಒಟ್ಟಾರೆ ನೋಡಿದರೆ, ಈ ಚಿಕಿತ್ಸೆ ಪಡೆದವರು ಸಾಮಾನ್ಯ ಚಿಕಿತ್ಸೆಯವರಿಗಿಂತ ಹೆಚ್ಚು ಚೇತರಿಸಿಕೊಳ್ಳಲಿಲ್ಲ. ಆದರೆ ಹೆಪ್ಪು 15 ಮಿಲಿಲೀಟರಿಗೆ, ಅಂದರೆ ಮೂರು ಟೀ ಚಮಚದಷ್ಟಕ್ಕೆ, ಇಳಿದವರಲ್ಲಿ ಚೇತರಿಕೆ ಹೆಚ್ಚು ಕಂಡಿತು. ಇದು ಮದ್ದಿನ ಫಲವೋ, ಮೊದಲೇ ಅವರ ಹೆಪ್ಪು ಚಿಕ್ಕದಿತ್ತೋ? ಹೀಗೆ ಕೇಳುವುದೇ ವಿಜ್ಞಾನ.

ರಕ್ತ ಇನ್ನೂ ಒಸರುತ್ತಿದ್ದರೆ ಈ ಮದ್ದೇ ಅಪಾಯ. ಆದ್ದರಿಂದ ಸಿಟಿ ಸ್ಕ್ಯಾನಿನ ಅಳತೆ ನೋಡಿ ತೀರ್ಮಾನಿಸಬೇಕು, ಮನೆಯವರ ಆತುರ ನೋಡಿ ಅಲ್ಲ. ನಿಮ್ಮ ಪಾಲಿನ ಕೆಲಸ: ತಕ್ಷಣ 108ಕ್ಕೆ ಫೋನ್ ಮಾಡಿ, ಲಕ್ಷಣ ಶುರುವಾದ ಹೊತ್ತು ಬರೆದಿಡಿ.