ದುರ್ಬೀನಿನೊಳಗೆ ಕಾಣದ ಹೊಲ

ಕಲಬುರಗಿ ನಗರದಿಂದ ಹುಮನಾಬಾದ್ ರಸ್ತೆಯಲ್ಲಿ ಸಾಗಿದರೆ ಕಮಲಾಪುರದ ಸಮೀಪ ಕಪ್ಪು ಎರೆಭೂಮಿ ಕೆಮ್ಮಣ್ಣಿಗೆ ತಿರುಗುತ್ತದೆ. ಕೆಂಪು ಬಾಳೆಗೆ ಹೆಸರಾದ ಈ ಊರಿನ ಆಚೀಚೆ ತೊಗರಿ, ಜೋಳ, ಕಡಲೆಯ ಹೊಲಗಳು ಹರಡಿವೆ. ನೆರೆಯ ಚಿಂಚೋಳಿಯಲ್ಲಿ 2011ರಲ್ಲಿ ಘೋಷಿತವಾದ ವನ್ಯಜೀವಿಧಾಮವಿದೆ. ಘಟ್ಟದ ಮಳೆಕಾಡನ್ನಷ್ಟೇ ಕಾಡೆಂದು ಬಲ್ಲವರಿಗೆ ಈ ಸೀಮೆ ಬರಡಾಗಿ ಕಂಡೀತು. ಆದರೆ ಇಲ್ಲಿನ ಹುಲ್ಲುಬಯಲು, ಕುರುಚಲು ಗುಡ್ಡ, ಹಳ್ಳದ ದಂಡೆ ಮತ್ತು ಹೊಲದ ಬದುಗಳೇ ಚಿಗರಿ, ತೋಳ, ನರಿ, ಮೊಲ, ನವಿಲು, ಗೌಜಿಗಗಳ ಮನೆ. ಈ ಮನೆಗೆ ಬೇಲಿಯಿಲ್ಲ, ಕಾವಲೂ ಕಡಿಮೆ.

ಇಂತಹ ಬಯಲನ್ನು ದುರ್ಬೀನು ಕಟ್ಟಿದ ಬಂದೂಕಿನ ಹಿಂದಿನಿಂದ ನೋಡುವ ಚಪಲ ನಗರಗಳಲ್ಲಿ ಬೆಳೆಯುತ್ತಿದೆ. ಯಾವ ದುರ್ಬೀನು ಒಳ್ಳೆಯದು, ಯಾವ ಗುಂಡು ಹೆಚ್ಚು ದೂರ ಹೋಗುತ್ತದೆ, ಯಾವುದು ಒಂದೇ ಏಟಿಗೆ ಕೆಡಹುತ್ತದೆ ಎಂಬ ಚರ್ಚೆಗಳು ಮೊಬೈಲು, ಮೋಟಾರುಬೈಕುಗಳ ಆಯ್ಕೆಯಷ್ಟೇ ಸಲೀಸಾಗಿ ನಡೆಯುತ್ತವೆ. ‘ಗುರಿ ಅಭ್ಯಾಸಕ್ಕೂ ಆದೀತು, ಶಿಕಾರಿಗೂ ಆದೀತು’ ಎಂಬ ಮಾತು ಈ ಚರ್ಚೆಗಳಲ್ಲಿ ಸಹಜವೆಂಬಂತೆ ನುಸುಳುತ್ತದೆ. ಆ ಒಂದು ಮಾತಿನಲ್ಲಿ ಒಂದು ಕ್ರೀಡೆಯೂ ಒಂದು ಅಪರಾಧವೂ ಒಂದೇ ಸಾಲಿನಲ್ಲಿ ಕುಳಿತಿರುವುದನ್ನು ಯಾರೂ ಗಮನಿಸುವುದಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 9ನೆಯ ಕಲಮು ಅನುಸೂಚಿಗಳಲ್ಲಿ ಹೆಸರಿಸಿದ ಕಾಡುಪ್ರಾಣಿಗಳ ಬೇಟೆಯನ್ನು ನಿಷೇಧಿಸಿದೆ. ಕಾಯಿದೆಯ ದೃಷ್ಟಿಯಲ್ಲಿ ಕೊಲ್ಲುವುದು ಮಾತ್ರ ಬೇಟೆಯಲ್ಲ. ಗಾಯಗೊಳಿಸುವುದು, ಬೆನ್ನಟ್ಟಿ ಓಡಿಸುವುದು, ಆಮಿಷವೊಡ್ಡುವುದು, ಇವುಗಳಿಗೆ ಪ್ರಯತ್ನಿಸುವುದು ಕೂಡ ಬೇಟೆಯೇ. ಚಿಗರಿ ಮತ್ತು ನವಿಲು ಮೊದಲನೆಯ ಅನುಸೂಚಿಯಲ್ಲಿವೆ. ಅವುಗಳನ್ನು ಬೇಟೆಯಾಡಿದವನಿಗೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆವಾಸ. 2022ರ ತಿದ್ದುಪಡಿಯ ನಂತರ ಕನಿಷ್ಠ 25,000 ರೂಪಾಯಿ ದಂಡ. ಕೃತ್ಯಕ್ಕೆ ಬಳಸಿ ಜಪ್ತಿಯಾದ ಆಯುಧ, ವಾಹನಗಳು ಸರ್ಕಾರದ ಸ್ವತ್ತಾಗುತ್ತವೆ. ಹೀಗಿರುವಾಗ ‘ಶಿಕಾರಿಗೆ ಯಾವ ದುರ್ಬೀನು?’ ಎಂಬುದು ಕಳ್ಳನೊಬ್ಬ ಬೀಗ ಮುರಿಯಲು ಯಾವ ಹಾರೆ ಮೇಲು ಎಂದು ಕೇಳಿದಂತೆ.

ಹಾಗಾದರೆ ಗುರಿ ಹೊಡೆಯುವ ಆಟವನ್ನೇ ನಿಲ್ಲಿಸಬೇಕೇ? ಖಂಡಿತ ಇಲ್ಲ. ಅದು ಏಕಾಗ್ರತೆಯನ್ನೂ ಶಿಸ್ತನ್ನೂ ಬೇಡುವ ಉತ್ತಮ ಕ್ರೀಡೆ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಭಾರತಕ್ಕೆ ಮೊತ್ತಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನ ತಂದದ್ದು 10 ಮೀಟರ್ ಏರ್ ರೈಫಲ್‌ನಿಂದ. ಆ ಸ್ಪರ್ಧೆಯ ನಿಯಮಗಳನ್ನು ಬೇಟೆಯ ಹವ್ಯಾಸಿಗಳು ಒಮ್ಮೆ ಓದಬೇಕು. ಗುರಿಕಾಗದದ ನಡುವಿನ ಹತ್ತು ಅಂಕದ ಚುಕ್ಕೆಯ ವ್ಯಾಸ ಕೇವಲ ಅರ್ಧ ಮಿಲಿಮೀಟರ್. ಅಷ್ಟು ಸಣ್ಣ ಗುರಿಗೂ ಅಲ್ಲಿ ದೂರದರ್ಶಕ ದುರ್ಬೀನಿಗೆ ಅವಕಾಶವಿಲ್ಲ. ಸಣ್ಣ ರಂಧ್ರದ ಮೂಲಕ ಬರಿಗಣ್ಣಿನಲ್ಲೇ ಗುರಿ ಹಿಡಿಯಬೇಕು. 2024ರಲ್ಲಿ ಪ್ಯಾರಿಸ್‌ನಲ್ಲಿ ಕೊಲ್ಹಾಪುರ ಸೀಮೆಯ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದ 50 ಮೀಟರ್ ರೈಫಲ್ ಸ್ಪರ್ಧೆಯಲ್ಲೂ ದುರ್ಬೀನಿಲ್ಲ. ದುರ್ಬೀನು ಬಳಸುವ ಬೆಂಚ್‌ರೆಸ್ಟ್‌ನಂತಹ ಸ್ಪರ್ಧೆಗಳೂ ಲೋಕದಲ್ಲಿವೆ, ನಿಜ. ಅವೂ ಕಾಗದದ ಮೇಲೆ, ಕಟ್ಟುನಿಟ್ಟಾದ ಅಂಗಳದೊಳಗೆ ನಡೆಯುವಂಥವು.

ಬಂದೂಕಿನವನ ಮನಸ್ಸನ್ನು ಅವನು ಆಯ್ದುಕೊಳ್ಳುವ ಸಾಮಗ್ರಿಯೇ ಬಯಲು ಮಾಡುತ್ತದೆ. ‘3-9×40’ ಎಂದು ಬರೆದಿರುವ ದುರ್ಬೀನು ನೋಟವನ್ನು 3ರಿಂದ 9 ಪಟ್ಟು ಹಿಗ್ಗಿಸುತ್ತದೆ. ಅದರ ಮುಂದಿನ ಮಸೂರದ ವ್ಯಾಸ 40 ಮಿ.ಮೀ. 9 ಪಟ್ಟಿಗೆ ತಿರುಗಿಸಿದಾಗ ಕಣ್ಣಿಗೆ ತಲುಪುವ ಬೆಳಕಿನ ವೃತ್ತದ ಅಗಲ 40ನ್ನು 9ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 4.4 ಮಿ.ಮೀ. ಹಗಲಿಗೆ ಇದು ಧಾರಾಳ. ಕತ್ತಲಾದಂತೆ ತರುಣರ ಕಣ್ಣಪಾಪೆ ಸುಮಾರು 7 ಮಿ.ಮೀ.ವರೆಗೂ ಅರಳುವುದರಿಂದ, ಮಬ್ಬುಬೆಳಕಿಗಾಗಿಯೇ 50, 56 ಮಿ.ಮೀ. ಮಸೂರದ ಭಾರಿ ದುರ್ಬೀನುಗಳನ್ನು ಮಾಡುತ್ತಾರೆ. ಗುರಿಹಲಗೆಯ ಆಟ ಹಗಲಿನಲ್ಲಿ ಇಲ್ಲವೇ ದೀಪದ ಕೆಳಗೆ ನಡೆಯುತ್ತದೆ. ಮುಸ್ಸಂಜೆಯ ಬೆಳಕನ್ನು ಹೀರುವ ಮಸೂರ ಬೇಕೆಂದು ಹಟ ಹಿಡಿಯುವವನು ಯಾವ ಕಾಗದಕ್ಕೆ ಗುರಿ ಇಡುತ್ತಾನೆ? ಮುಸ್ಸಂಜೆಯಲ್ಲಿ ಹೊಲದಂಚಿಗೆ ಬರುವುದು ಮೊಲ, ಹಂದಿ, ಚಿಗರಿ.

ಗುಂಡಿನ ಆಯ್ಕೆಯೂ ಇದೇ ಕಥೆಯನ್ನು ಹೇಳುತ್ತದೆ. ಏರ್ ರೈಫಲ್ ಸ್ಪರ್ಧಿಗಳು ಚಪ್ಪಟೆ ಮೂತಿಯ 4.5 ಮಿ.ಮೀ. ಗುಂಡನ್ನು ಬಳಸುತ್ತಾರೆ. ಅದು ಕಾಗದದಲ್ಲಿ ಅಚ್ಚುಕಟ್ಟಾದ ದುಂಡನೆಯ ತೂತು ಕೊರೆಯುತ್ತದೆ, ಅಂಕ ಎಣಿಸಲು ಅನುಕೂಲ. ಕಾಗದಕ್ಕೆ ಚೂಪುಮೂತಿಯ ಗುಂಡಿನಿಂದ ಲಾಭವಿಲ್ಲ. ಟೊಳ್ಳುಮೂತಿಯ, ಮಾಂಸದೊಳಗೆ ಅರಳುವ ಗುಂಡಿನಿಂದಲೂ ಇಲ್ಲ. ಅರಳುವ ಗುಂಡನ್ನು 1899ರ ಹೇಗ್ ಘೋಷಣೆ ಯುದ್ಧದಲ್ಲಿ ನಿಷೇಧಿಸಿತು. ಕಲ್ಕತ್ತೆಯ ಸಮೀಪದ ಡಮ್‌ಡಮ್‌ನಲ್ಲಿ ತಯಾರಾಗುತ್ತಿದ್ದುದರಿಂದ ಅದಕ್ಕೆ ಆ ಊರಿನ ಹೆಸರೇ ಅಂಟಿಕೊಂಡಿತ್ತು. ಇಂತಹ ಗುಂಡು ಪ್ರಾಣಿಯನ್ನು ಬೇಗ ಕೊಲ್ಲುತ್ತದೆ, ಆದ್ದರಿಂದ ಅದು ಕರುಣೆಯೇ ಎಂದು ಬೇಟೆಗೆ ಕಾನೂನಿನ ಒಪ್ಪಿಗೆಯಿರುವ ದೇಶಗಳಲ್ಲಿ ವಾದಿಸುತ್ತಾರೆ. ಅಲ್ಲಿ ಆ ವಾದಕ್ಕೆ ನೆಲೆಯಿದ್ದೀತು. ಬೇಟೆಯೇ ನಿಷಿದ್ಧವಾದ ನಾಡಿನಲ್ಲಿ ಅದು ನೆಪ ಮಾತ್ರ.

ಏರ್‌ಗನ್ ಆಟಿಕೆಯೆಂಬ ಭ್ರಮೆಯನ್ನೂ ಬಿಡಬೇಕು. 2016ರ ಶಸ್ತ್ರಾಸ್ತ್ರ ನಿಯಮಗಳಂತೆ 0.177 ಅಂಗುಲ ಮೀರದ ನಳಿಗೆಯ, 20 ಜೂಲ್ ಮೀರದ ಶಕ್ತಿಯ ಏರ್‌ಗನ್ನಿಗೆ ಪರವಾನಗಿ ಬೇಕಿಲ್ಲ. ಪರವಾನಗಿ ಬೇಡವೆಂದ ಮಾತ್ರಕ್ಕೆ ಹಕ್ಕಿ ಹೊಡೆಯಲು ಅಪ್ಪಣೆ ಸಿಕ್ಕಿತೆಂದಲ್ಲ. ಗೌಜಿಗ, ಬುರ್ಲಿ, ಹಸಿರು ಪಾರಿವಾಳಗಳನ್ನು ಕೆಡಹಲು ಅಷ್ಟು ಶಕ್ತಿ ಸಾಲುತ್ತದೆ. ಮೊಲದಂತಹ ಪ್ರಾಣಿಯನ್ನು ಗಾಯಗೊಳಿಸಿ ಪೊದೆಯಲ್ಲಿ ನರಳಿ ಸಾಯಲು ಬಿಡುವುದಕ್ಕೂ ಸಾಲುತ್ತದೆ.

ಬಿದ್ದ ಗುಂಡಿನ ಪಾಡೇನು? ಅದು ಸೀಸ. ಒಂದು ಸ್ಪರ್ಧಾ ಗುಂಡಿನ ತೂಕ ಸುಮಾರು ಅರ್ಧ ಗ್ರಾಂ. ಸಾವಿರ ಹೊಡೆದರೆ ಅರ್ಧ ಕಿಲೋ ಸೀಸ. ಗುರಿಹಲಗೆಯ ಹಿಂದೆ ಗುಂಡು ಹಿಡಿಯುವ ಪೆಟ್ಟಿಗೆಯಿದ್ದರೆ ಅದನ್ನು ಮರಳಿ ಸಂಗ್ರಹಿಸಬಹುದು. ಹೊಲದಲ್ಲಿ, ಕೆರೆಯಂಗಳದಲ್ಲಿ ಚೆಲ್ಲಿದ ಚರೆಯನ್ನು ಹೆಕ್ಕುವವರಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಗುಂಡೇಟು ತಿಂದ ಪ್ರಾಣಿಗಳ ಕಳೇಬರ ತಿಂದ ಕಾಂಡೋರ್ ರಣಹದ್ದುಗಳು ಸೀಸದ ವಿಷದಿಂದ ಸತ್ತವು. ಆ ರಾಜ್ಯ 2019ರಿಂದ ಬೇಟೆಗೆ ಸೀಸದ ಗುಂಡನ್ನು ಪೂರ್ತಿ ನಿಷೇಧಿಸಿತು. ಡೆನ್ಮಾರ್ಕ್ 1996ರಲ್ಲಿ ಸೀಸದ ಚರೆಯನ್ನೂ 2024ರಲ್ಲಿ ಬೇಟೆಯ ರೈಫಲ್‌ಗಳ ಸೀಸದ ಗುಂಡನ್ನೂ ನಿಲ್ಲಿಸಿತು. ಬೇಟೆಯನ್ನು ಒಪ್ಪಿದ ದೇಶಗಳೇ ಇಷ್ಟು ಎಚ್ಚರ ವಹಿಸಿರುವಾಗ, ಡೈಕ್ಲೋಫಿನಾಕ್ ಔಷಧಿಯಿಂದ ರಣಹದ್ದುಗಳ ಸಂತತಿಯನ್ನೇ ಕಳೆದುಕೊಂಡ ಭಾರತ ಮೈಮರೆಯಬಹುದೇ?

ಬೇಟೆಯ ಹವ್ಯಾಸಿಗಳ ಕೊನೆಯ ಆಸರೆ ರೈತ. ‘ಚಿಗರಿ, ಹಂದಿ ಬೆಳೆ ತಿನ್ನುತ್ತವೆ, ರೈತರೇ ಕರೆಯುತ್ತಾರೆ’ ಎನ್ನುತ್ತಾರೆ. ಬೆಳೆಹಾನಿ ಸುಳ್ಳಲ್ಲ. ಮೊಳಕೆಯೊಡೆದ ತೊಗರಿಯ ಸಾಲನ್ನು ಒಂದು ಹಿಂಡು ಒಂದೇ ರಾತ್ರಿಯಲ್ಲಿ ಬೋಳಿಸಿದರೆ ಬಿತ್ತಿದವನ ವರ್ಷವೇ ಹಾಳು. ಹಂದಿ, ಮಂಗ, ಆನೆಗಳಿಂದ ಬಸವಳಿದ ಮಲೆನಾಡಿನ ಕೃಷಿಕರಿಗೆ ಆ ಸಂಕಟವನ್ನು ಬಿಡಿಸಿ ಹೇಳಬೇಕಿಲ್ಲ. ಕಾನೂನೂ ರೈತನಿಗೆ ಕುರುಡಾಗಿಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆ ಬೆಳೆ ರಕ್ಷಣೆಗೆಂದು ಹೆಸರಿಸಿರುವುದು ಮದ್ದು ತುಂಬುವ ಕೋವಿಯನ್ನು, ದುರ್ಬೀನಿನ ರೈಫಲನ್ನಲ್ಲ. ಎರಡನೆಯ ಅನುಸೂಚಿಯ ಪ್ರಾಣಿಗಳು ಬೆಳೆಗೆ ಅಪಾಯವಾದಾಗ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದವರು ಲಿಖಿತ ಆದೇಶ ನೀಡಬಹುದು. ಚಿಗರಿಗೆ ಬೆಳೆಯ ಕಾರಣದಿಂದ ಅದೂ ಸಾಧ್ಯವಿಲ್ಲ. ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಇರುವ ಪರವಾನಗಿ ವಿನಾಯಿತಿಯನ್ನು ಹೈಕೋರ್ಟು 2021ರಲ್ಲಿ ಎತ್ತಿಹಿಡಿಯಿತು. ಆ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ ಹೊರತು ಬೇಟೆಗಲ್ಲ.

ನಗರದಿಂದ ರಾತ್ರಿ ಜೀಪಿನಲ್ಲಿ ಬಂದು ಒಂದು ಚಿಗರಿಯನ್ನು ಹೊಡೆದೊಯ್ಯುವವನು ಯಾವ ರೈತನ ಯಾವ ನಷ್ಟವನ್ನು ತುಂಬಿಕೊಟ್ಟಿದ್ದಾನೆ? ಮಾಂಸ ನಗರ ಸೇರುತ್ತದೆ. ಮರುರಾತ್ರಿ ಹಿಂಡು ಅದೇ ಹೊಲಕ್ಕೆ ಮರಳುತ್ತದೆ. ಪೊಲೀಸರೋ ಅರಣ್ಯ ಸಿಬ್ಬಂದಿಯೋ ವಿಚಾರಣೆಗೆ ಬಂದಾಗ ಮೊದಲು ಕೈಗೆ ಸಿಗುವವನು ಹೊಲದವನೇ. ರೈತನಿಗೆ ಬೇಕಿರುವುದು ಹಂಗಾಮು ಮುಗಿಯುವ ಮುನ್ನ ಕೈಸೇರುವ ಪರಿಹಾರ, ಓಡಾಡಿಸದ ಪಂಚನಾಮೆ, ಹೊಲದ ಸುತ್ತ ಬೇಲಿಗೆ ನೆರವು ಮತ್ತು ಚಿಗರಿಗೆ ಮೇಯಲು ಉಳಿದ ಹುಲ್ಲುಗಾವಲು. ಬೀಳುಭೂಮಿಯೆಂದು ಹೆಸರಿಟ್ಟು ಹುಲ್ಲುಬಯಲನ್ನು ಒಂದೊಂದಾಗಿ ನುಂಗಿದ ಮೇಲೆ ಚಿಗರಿ ತೊಗರಿಗಲ್ಲದೆ ಬೇರೆಲ್ಲಿಗೆ ಹೋದೀತು?

ಈ ನಾಡಿಗೆ ಬೇಟೆಯ ಫಲ ಗೊತ್ತಿಲ್ಲದ್ದೇನಲ್ಲ. 1948ರವರೆಗೆ ಕಲಬುರಗಿ ನಿಜಾಮರ ಸಂಸ್ಥಾನದಲ್ಲಿತ್ತು. ಸಾಕಿದ ಚೀತಾಗಳನ್ನು ಬಿಟ್ಟು ಚಿಗರಿ ಹಿಡಿಸುವುದು ಆ ಸಂಸ್ಥಾನದ ಅತಿಥಿಗಳಿಗೆ ವಿನೋದವಾಗಿತ್ತು. ಚೀತಾ ಭಾರತದಿಂದ ಅಳಿದುಹೋಯಿತೆಂದು 1952ರಲ್ಲಿ ಘೋಷಿಸಲಾಯಿತು. ಎರೆಸೀಮೆಯ ಹಕ್ಕಿ ಎರೆಭೂತ ಕರ್ನಾಟಕದಲ್ಲಿ ಇಂದು ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಬಯಲಿನಲ್ಲಿ ಬೆರಳೆಣಿಕೆಯಷ್ಟು ಉಳಿದಿದೆ. ಹುಲ್ಲುಬಯಲಿನ ನಾಶದ ಜೊತೆಗೆ ಬಂದೂಕೂ ಅದರ ಸಂತತಿಯನ್ನು ತಿಂದಿದೆ.

ಆಗಬೇಕಾದದ್ದು ಸ್ಪಷ್ಟ. ಕಲಬುರಗಿಯಂತಹ ನಗರದ ತರುಣರಿಗೆ, ಗುಂಡು ಹಿಡಿಯುವ ಪೆಟ್ಟಿಗೆಗಳಿರುವ, ತರಬೇತುದಾರರಿರುವ ಸುಸಜ್ಜಿತ ಗುರಿಯಂಗಳ ಬೇಕು. ಆಸಕ್ತಿ ಅಲ್ಲಿ ಕ್ರೀಡೆಯಾಗಿ ಅರಳಲಿ. ಏರ್‌ಗನ್, ದುರ್ಬೀನು ಮಾರುವ ಪ್ರತಿ ಅಂಗಡಿಯಲ್ಲಿ 9ನೆಯ ಕಲಮು ಕನ್ನಡದಲ್ಲಿ, ದೊಡ್ಡ ಅಕ್ಷರಗಳಲ್ಲಿ ಗೋಡೆಯ ಮೇಲಿರಲಿ. ‘ಶಿಕಾರಿಗೆ ಯೋಗ್ಯ’ ಎಂಬ ಜಾಹೀರಾತು ನಿಲ್ಲಲಿ. ಗುಡ್ಡಗಾಡಿನ ಅರುಣಾಚಲ ಪ್ರದೇಶದಲ್ಲಿ 2021ರಲ್ಲಿ ಆರಂಭವಾದ ಏರ್‌ಗನ್ ಒಪ್ಪಿಸುವ ಅಭಿಯಾನದಲ್ಲಿ ಜನರು ತಾವಾಗಿಯೇ ಸಾವಿರಕ್ಕೂ ಹೆಚ್ಚು ಕೋವಿಗಳನ್ನು ತಂದೊಪ್ಪಿಸಿದರು. ತಲೆಮಾರುಗಳಿಂದ ಬೇಟೆಯಾಡಿದ ಜನ ಅಷ್ಟು ಮಾಡಿದರೆಂದ ಮೇಲೆ, ಕೇವಲ ಮೋಜಿಗಾಗಿ ಕೋವಿ ಕೊಂಡವರು ಅದನ್ನು ಒಪ್ಪಿಸಲಾರರೇ? ಮಲೆನಾಡಿನ ಊರುಗಳೂ ಈ ಪ್ರಶ್ನೆಯನ್ನು ತಮಗೇ ಕೇಳಿಕೊಳ್ಳಬೇಕು. ಇಲ್ಲಿನ ಕೋವಿಗಳೇನೂ ಸದ್ದಿಲ್ಲದೆ ಕುಳಿತಿಲ್ಲ.

ಒಂಬತ್ತು ಪಟ್ಟು ಹಿಗ್ಗಿಸುವ ದುರ್ಬೀನಿನಲ್ಲಿ ಚಿಗರಿಯ ಕಣ್ಣು ಕಾಣುತ್ತದೆ. ಅದು ಮೇಯುತ್ತಿದ್ದ ಹುಲ್ಲು ಎಲ್ಲಿ ಹೋಯಿತು, ಅದು ತುಳಿದ ತೊಗರಿ ಯಾರದು, ನಾಳೆ ಠಾಣೆಗೆ ಹೋಗುವವರು ಯಾರು ಎಂಬುದು ಕಾಣುವುದಿಲ್ಲ. ಅವನ್ನು ಕಾಣಲು ಕಮಲಾಪುರದ ಹೊಲಕ್ಕೆ ಹಗಲು ಹೊತ್ತಿನಲ್ಲಿ, ಬರಿಗೈಯಲ್ಲಿ ಹೋದರೆ ಸಾಕು.